ಒಪ್ಪಿಗೆ ಪತ್ರದಲ್ಲಿ ‘ಬಹಿರಂಗಪಡಿಸು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಪೀಣ್ಯದ ಒಂದು ಕಾರ್ಖಾನೆಗೆ ಹೊಸದಾಗಿ ಸೇರುವವರು ತುಂಬಬೇಕಾದ ಆರೋಗ್ಯ ನಮೂನೆಯ ಕನ್ನಡವನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕಣ್ಣು, ಕಿವಿ ಇವುಗಳ ಸಾಲಿನಲ್ಲಿ ತೊಡಕಿಲ್ಲ. ಮನಸ್ಸಿಗೆ ಸಂಬಂಧಿಸಿದ ಎರಡು ವಾಕ್ಯಗಳ ಬಳಿ ನಿಂತುಬಿಟ್ಟಿದ್ದೇನೆ. ಅವು ಹೀಗಿವೆ:

‘ನೀವು ಎಂದಾದರೂ ಬುದ್ಧಿಭ್ರಮಣೆಗೆ ಅಥವಾ ಮಾನಸಿಕ ಅಸ್ವಸ್ಥತೆಗೆ ಒಳಗಾಗಿದ್ದೀರಾ?’

‘ನನ್ನ ವೈದ್ಯಕೀಯ ದಾಖಲೆಗಳನ್ನು ಸಂಸ್ಥೆಗೆ ಬಹಿರಂಗಪಡಿಸಲು ನನ್ನ ಅಭ್ಯಂತರವಿಲ್ಲ.’

ಎರಡನೆಯದರಿಂದ ತೊಡಗುತ್ತೇನೆ, ನನಗೆ ಹೆಚ್ಚು ಕಾಡಿದ್ದು ಅದು. ಬಹಿರಂಗ ಸಭೆ, ಬಹಿರಂಗ ಹರಾಜು, ಚುನಾವಣೆಯ ಬಹಿರಂಗ ಪ್ರಚಾರ: ಈ ಬಳಕೆಗಳಲ್ಲೆಲ್ಲ ಎದುರಿಗಿರುವುದು ಊರು. ಹಗರಣವನ್ನು ಬಹಿರಂಗಪಡಿಸುತ್ತಾರೆ, ಆರೋಪಿಯ ಹೆಸರನ್ನು ಬಹಿರಂಗಪಡಿಸುತ್ತಾರೆ. ಒಬ್ಬ ವೈದ್ಯರಿಂದ ಇನ್ನೊಬ್ಬ ವೈದ್ಯರಿಗೆ ಮುಚ್ಚಿದ ಲಕೋಟೆಯಲ್ಲಿ ಹೋಗುವ ಮಾಹಿತಿಯನ್ನು ಕನ್ನಡದಲ್ಲಿ ಯಾರೂ ಬಹಿರಂಗ ಎನ್ನುವುದಿಲ್ಲ. ಹಾಗಾಗಿ ಈ ವಾಕ್ಯವನ್ನು ಓದಿದ ಹುಡುಗನಿಗೆ ಎರಡರಲ್ಲಿ ಒಂದು ಆಗುತ್ತದೆ: ತನ್ನ ಕಾಯಿಲೆಯನ್ನು ಎಲ್ಲರೆದುರು ಹೇಳಿಬಿಡುತ್ತಾರೆಂದು ಹೆದರುತ್ತಾನೆ, ಇಲ್ಲವೇ ಕೆಲಸ ಬೇಕಲ್ಲ ಎಂದು ಓದದೆ ಸಹಿ ಹಾಕುತ್ತಾನೆ.

ಇನ್ನು ‘ಅಭ್ಯಂತರವಿಲ್ಲ’. ನಿರಾಕ್ಷೇಪಣಾ ಪತ್ರದ ಭಾಷೆ ಇದು. ಪಕ್ಕದ ನಿವೇಶನದವರು ಗೋಡೆ ಕಟ್ಟಿಕೊಳ್ಳುವಾಗ ನಾವು ಬರೆದುಕೊಡುವ ಮಾತು. ಅಡ್ಡಿ ಹೇಳದಿರುವುದು ಒಪ್ಪಿಗೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆಯು ಮುಕ್ತವಾಗಿ, ನಿರ್ದಿಷ್ಟವಾಗಿ, ತಿಳಿದು, ಷರತ್ತಿಲ್ಲದೆ, ಸಂದೇಹಕ್ಕೆ ಎಡೆಯಿಲ್ಲದಂತೆ ಕೊಟ್ಟದ್ದಾಗಿರಬೇಕು. ಒಪ್ಪಿಗೆ ಕೇಳುವ ಮಾತು ಸರಳವಾಗಿರಬೇಕು, ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶವಿರಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಆ ಅನುಸೂಚಿಯಲ್ಲಿ ಕನ್ನಡವಿದೆ. ಆದ್ದರಿಂದ ಇಂಥ ನಮೂನೆಯ ಕನ್ನಡವನ್ನು ಕೊನೆಗೆ ಅಂಟಿಸುವ ತೇಪೆಯೆಂದು ಯಾರೂ ಎಣಿಸಬಾರದು. ಸಹಿ ಬೀಳುವುದು ಅದರ ಕೆಳಗೆ.

ನನ್ನ ಕರಡು ಹೀಗಿದೆ: ‘ಇಂಥ ವೈದ್ಯರ ಬಳಿಯಿರುವ ನನ್ನ ಇಂಥ ದಾಖಲೆಯನ್ನು, ಈ ಕೆಲಸದ ಆರೋಗ್ಯ ತಪಾಸಣೆಗಾಗಿ ಮಾತ್ರ, ಸಂಸ್ಥೆಯ ವೈದ್ಯರಿಗೆ ಕೊಡಲು ಒಪ್ಪಿದ್ದೇನೆ.’ ಯಾರು, ಯಾವುದನ್ನು, ಯಾರಿಗೆ, ಯಾತಕ್ಕೆ ಎಂಬುದಷ್ಟೂ ಅದರಲ್ಲಿದೆ. ‘ಕೊಡು’ ತೀರಾ ಸಾದಾ ಆಯಿತೆಂದು ಕೆಲವರಿಗೆ ಅನ್ನಿಸಬಹುದು. ‘ಒದಗಿಸು’, ‘ತಿಳಿಯಪಡಿಸು’ ನನಗೂ ಹೊಳೆದಿವೆ. ಆದರೆ ಸಹಿ ಹಾಕುವವರಿಗೆ ತಡವಿಲ್ಲದೆ ಅರ್ಥವಾಗುವುದು ‘ಕೊಡು’ ಎಂದೇ ನನ್ನ ನಂಬಿಕೆ.

ಮೊದಲನೆಯ ವಾಕ್ಯದಲ್ಲಿ ‘ಬುದ್ಧಿಭ್ರಮಣೆ’ಯನ್ನು ತೆಗೆದುಹಾಕಬೇಕೆನ್ನುವುದರಲ್ಲಿ ನನಗೆ ಅನುಮಾನವಿಲ್ಲ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 3ನೆಯ ಸೆಕ್ಷನ್ನಿನಂತೆ, ಒಬ್ಬರಿಗೆ ಮಾನಸಿಕ ಕಾಯಿಲೆಯಿದೆ ಎಂದಮಾತ್ರಕ್ಕೆ ಅವರು ಅಸ್ವಸ್ಥಚಿತ್ತರೆಂದು ಅರ್ಥವಲ್ಲ. ಅದನ್ನು ಹೇಳಬೇಕಾದದ್ದು ನ್ಯಾಯಾಲಯ. ಹಿಂದೆ ಚಿಕಿತ್ಸೆ ಪಡೆದದ್ದೊಂದನ್ನೇ ಹಿಡಿದು ಈಗಲೂ ಕಾಯಿಲೆಯಿದೆ ಎಂದು ತೀರ್ಮಾನಿಸುವಂತೆಯೂ ಇಲ್ಲ. ಹಾಗಿರುವಾಗ ‘ಎಂದಾದರೂ’ ಎಂಬ ಪದ ಎಷ್ಟು ದೂರ ಕೈಚಾಚುತ್ತದೆ ನೋಡಿ. ಹೆರಿಗೆಯ ನಂತರ ಕೆಲವು ತಿಂಗಳು ಮಂಕಾಗಿದ್ದು, ಮಾತ್ರೆ ನುಂಗಿ ಗುಣವಾದ ಹೆಣ್ಣುಮಗಳು ಹತ್ತು ವರ್ಷದ ನಂತರ ಇಲ್ಲಿ ಹೌದು ಎಂದು ಗುರುತು ಹಾಕಬೇಕೇ? ‘ಒಳಗಾಗು’ ಕೂಡ ನನಗೆ ಒಗ್ಗದು. ದಾಳಿಗೆ ಒಳಗಾಗುತ್ತೇವೆ, ಶಿಕ್ಷೆಗೆ ಒಳಗಾಗುತ್ತೇವೆ. ಸಕ್ಕರೆ ಕಾಯಿಲೆಯ ಸಾಲಿನಲ್ಲಿ ಇದೇ ನಮೂನೆ ‘ಇದೆಯೇ’ ಎಂದಷ್ಟೇ ಕೇಳುತ್ತದೆ. ನಾನು ಸೂಚಿಸಿರುವುದು: ‘ಈ ಕೆಲಸವನ್ನು ಸುರಕ್ಷಿತವಾಗಿ ಮಾಡಲು ಅಡ್ಡಿಯಾಗುವಂಥ ಆರೋಗ್ಯದ ತೊಂದರೆ ಈಗ ಇದೆಯೇ? ಇದ್ದರೆ ಯಾವ ಅನುಕೂಲ ಮಾಡಿಕೊಡಬೇಕು?’ ಇದು ಅನುವಾದದ ಗಡಿ ದಾಟಿದೆ, ಬಲ್ಲೆ. ಪ್ರಶ್ನೆಯನ್ನೇ ಬದಲಿಸಿ ಎಂದು ಸಂಬಂಧಪಟ್ಟವರಿಗೆ ಬೇರೆಯಾಗಿ ಬರೆದಿದ್ದೇನೆ.

ನಮೂನೆಯ ತಲೆಬರಹದಲ್ಲಿರುವ ‘ಗೋಪ್ಯ’ದ ಬಗ್ಗೆಯೂ ಕೇಳಬೇಕಿದೆ. (ಪತ್ರಿಕೆಗಳಲ್ಲಿ ಹೆಚ್ಚಾಗಿ ‘ಗೌಪ್ಯ’ ಎಂದು ಕಾಣುತ್ತದೆ, ‘ಗೋಪ್ಯ’ವೇ ಸಾಧುರೂಪ ಎನ್ನುವವರ ಕಡೆ ನಾನು.) ಗುಪ್ ಧಾತುವಿಗೆ ರಕ್ಷಿಸು ಎಂಬ ಅರ್ಥ, ಗೋಪ್ಯವೆಂದರೆ ಕಾಪಾಡಬೇಕಾದದ್ದು. ವೈದ್ಯರ ಹೊಣೆಯನ್ನು ಇಷ್ಟು ಚೆನ್ನಾಗಿ ಹೇಳುವ ಪದ ಇನ್ನೊಂದು ಸಿಗದು. ಆದರೆ ಅದೇ ಧಾತುವಿನ ‘ಗುಪ್ತ’ಕ್ಕೆ ನಮ್ಮ ಬಸ್ ನಿಲ್ದಾಣಗಳ ಗೋಡೆಗಳು ‘ರೋಗ’ವನ್ನು ಸೇರಿಸಿ ನಾಚಿಕೆಯನ್ನು ಮೆತ್ತಿಬಿಟ್ಟಿವೆ. ಮನಸ್ಸಿನ ಕಾಯಿಲೆಯ ಜೊತೆಗೆ ಗೋಪ್ಯ ಎಂದು ಓದಿದಾಗ, ಮುಚ್ಚಿಡಬೇಕಾದ ಅವಮಾನ ಎಂಬ ಛಾಯೆ ಓದುಗರಿಗೆ ತಟ್ಟುತ್ತದೆಯೇ? ‘ಖಾಸಗಿತನ’ ಇದಕ್ಕೆ ಬದಲಿಯಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಎತ್ತಿಹಿಡಿದ ಹಕ್ಕು ಖಾಸಗಿತನದ್ದು, ಅದು ನನ್ನದು. ಗೋಪ್ಯತೆ ನನ್ನ ಮಾತನ್ನು ಕೇಳಿಸಿಕೊಂಡವರ ಕರ್ತವ್ಯ. ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೆಯ ಸೆಕ್ಷನ್ ಚಿಕಿತ್ಸೆ ಕೊಡುವವರ ಮೇಲೆ ಹೊರಿಸುವುದು ಈ ಕರ್ತವ್ಯವನ್ನು. ಬೇರೆ ವೈದ್ಯರಿಗೆ, ನಾಮನಿರ್ದೇಶಿತ ಪ್ರತಿನಿಧಿಗೆ (ರೋಗಿಯ ಪರವಾಗಿ ಹೆಸರಿಸಿದವರಿಗೆ), ಪ್ರಾಣಾಪಾಯವಿದ್ದಾಗ, ಕೋರ್ಟಿನ ಆದೇಶವಿದ್ದಾಗ ಎಂದು ಕೆಲವು ವಿನಾಯಿತಿಗಳನ್ನು ಅದು ಹೆಸರಿಸುತ್ತದೆ. ಕೆಲಸ ಕೊಡುವವರು ಎಂಬ ಹೆಸರು ಅಲ್ಲಿಲ್ಲ.

ಕೊನೆಯ ಸಾಲಿನಲ್ಲಿ ‘ಅರ್ಹ / ಅನರ್ಹ’ ಎಂದಿದೆ. ‘ಮೆಡಿಕಲ್‌ನಲ್ಲಿ ಅನ್‌ಫಿಟ್ ಆದ’ ಎಂದು ಗಲ್ಫಿಗೆ ಹೊರಟವರ ಬಗ್ಗೆ ಮಂಗಳೂರಿನ ಕಡೆ ಹೇಳುವಾಗ ಅದು ಆ ತಪಾಸಣೆಯ ಮಟ್ಟಿಗೆ ನಿಲ್ಲುತ್ತದೆ. ‘ಅನರ್ಹ’ ಮನುಷ್ಯನಿಗೇ ಅಂಟಿಕೊಳ್ಳುತ್ತದೆ. ‘ಸದ್ಯ ಈ ಕೆಲಸಕ್ಕೆ ತಕ್ಕ ಆರೋಗ್ಯವಿದೆ / ಇಲ್ಲ’ ಎಂದು ಬರೆದರೆ ಹೇಗೆ?

ಮಾನಸಿಕ ಆರೋಗ್ಯ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದವರು ಈ ಬಳಗದಲ್ಲಿದ್ದರೆ, ರೋಗಿಗಳಿಂದ ಒಪ್ಪಿಗೆ ಪಡೆಯುವಾಗ ನೀವು ಬಾಯಿಮಾತಿನಲ್ಲಿ ಬಳಸುವ ಕ್ರಿಯಾಪದ ಯಾವುದು? ದಯವಿಟ್ಟು ತಿಳಿಸಿ.