ಕಳೆನಾಶಕಕ್ಕೆ ಸಾಯದ ಹುಲ್ಲು: ತಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕ: ಕಳೆ ನಿರ್ವಹಣೆಯಲ್ಲಿ ಪಳಗಿದ ಬೇಸಾಯ ತಜ್ಞೆಯೊಬ್ಬರು ಇಂದು ಸಂಜೆ ಗುಂಪಿನಲ್ಲಿದ್ದಾರೆ. ಬೆಳೆ, ಕಳೆ, ಹೊಡೆದ ಔಷಧಿ, ಹೊಡೆದ ಸಮಯ ಇಷ್ಟನ್ನೂ ಬರೆದು ಕೇಳಿ. ಬರೀ ಚಿತ್ರ ಹಾಕಿ ‘ಇದಕ್ಕೇನು ಹೊಡೆಯಲಿ’ ಎನ್ನಬೇಡಿ.

ಗರಿಕೆಗೆ ಸೋತವನು: (ಚಿತ್ರ) ಇದಕ್ಕೇನು ಹೊಡೆಯಲಿ ಮೇಡಂ?

ತಜ್ಞೆ: ಗರಿಕೆ. ಹೊಲದಲ್ಲಿ ಬೆಳೆ ಇಲ್ಲದಾಗ, ಹುಲ್ಲು ಹಸಿರಾಗಿ ಚಿಗುರುತ್ತಿರುವಾಗ ಗ್ಲೈಫೋಸೇಟ್ ಎಂಬ ಕಳೆನಾಶಕ; ಅದೂ ನಿಮ್ಮಲ್ಲಿ ಅನುಮತಿ ಇದ್ದರೆ ಮಾತ್ರ. ಬಿಸಿಲಿಗೆ ಬಾಡಿದ ಹುಲ್ಲಿಗೆ ಹೊಡೆದರೆ ಔಷಧಿ ಬೇರಿಗೆ ಇಳಿಯುವುದಿಲ್ಲ. ಕೆಸರು ನೀರಿನಲ್ಲಿ ಕಲಸಬೇಡಿ. ಮಣ್ಣಿನ ಕಣ ಅದನ್ನು ಹಿಡಿದಿಟ್ಟುಕೊಂಡುಬಿಡುತ್ತದೆ.

ನೇರಬಿತ್ತನೆ: ನಮಸ್ಕಾರ ಮೇಡಂ. ನಾಟಿ ಬಿಟ್ಟು ಕೂರಿಗೆಯಲ್ಲಿ ಭತ್ತ ಬಿತ್ತುತ್ತಿದ್ದೇವೆ. ಅಂದಿನಿಂದ ಪ್ರತಿ ಹಂಗಾಮಿಗೂ ಬಿಸ್ಪೈರಿಬ್ಯಾಕ್ ಸೋಡಿಯಂ ಎಂಬ ಕಳೆನಾಶಕ ಒಂದೇ. ಮೊದಲೆಲ್ಲ ಒಂದು ಕಳೆಯೂ ಉಳಿಯುತ್ತಿರಲಿಲ್ಲ. ಈ ಸಲ ಭತ್ತದಂತೆಯೇ ಕಾಣುವ ಹುಲ್ಲೊಂದು ಸಾಯದೆ ನಿಂತಿದೆ. ಬೇರೆ ಔಷಧಿ ಎಂದು ಪೆನಾಕ್ಸುಲಂ ತಂದು ಹೊಡೆದೆ, ಅದಕ್ಕೂ ಜಗ್ಗಲಿಲ್ಲ. ಪ್ರಮಾಣ ಇಮ್ಮಡಿ ಮಾಡಲೇ?

ತಜ್ಞೆ: ಮಾಡಬೇಡಿ. ಮೊದಲು ನಾನು ಕೇಳುವುದಕ್ಕೆ ಉತ್ತರ ಕೊಡಿ. ಉಳಿದ ಹುಲ್ಲು ನೀವು ನಡೆದ ಸಾಲಿನಲ್ಲಿ ಪಟ್ಟೆಪಟ್ಟೆಯಾಗಿದೆಯೇ, ಗುಂಪುಗುಂಪಾಗಿದೆಯೇ? ಪಟ್ಟೆಯಿದ್ದರೆ ಪಂಪಿನ ನಾಜಲ್ ಕಟ್ಟಿಕೊಂಡಿದೆ ಎಂದರ್ಥ. ಹೊಡೆಯುವ ಮುನ್ನ ನೀರು ಬಸಿದಿರಾ? ಆಗ ಹುಲ್ಲಿಗೆ ಎಷ್ಟು ಎಲೆ ಇತ್ತು? ಇನ್ನೊಂದು: ಒಂದು ತೆಂಡೆ ಕಿತ್ತು, ಎಲೆ ಕಾಂಡವನ್ನು ಬಿಡುವ ಜಾಗದಲ್ಲಿ ಹಿಂದಕ್ಕೆ ಬಾಗಿಸಿ ನೋಡಿ. ಭತ್ತಕ್ಕೆ ಅಲ್ಲಿ ನಾಲಗೆಯಂಥ ತೆಳು ಬಿಳಿ ಪೊರೆ ಇರುತ್ತದೆ. ನಿಮ್ಮ ಹುಲ್ಲಿಗೆ ಇದೆಯೇ?

ಹಿತೈಷಿ: ಇದಕ್ಕೆಲ್ಲ ಸುಲಭ ಉಪಾಯ ಇದೆ. ಬೇರೆ ಗುಂಪಿನಿಂದ ಬಂದದ್ದು: ‘ಒಂದು ಕ್ಯಾನ್ ನೀರಿಗೆ ಉಪ್ಪು, ವಿನೆಗರ್, ಪಾತ್ರೆ ತೊಳೆಯುವ ದ್ರವ ಬೆರೆಸಿ ಹೊಡೆಯಿರಿ, ಎರಡೇ ದಿನದಲ್ಲಿ ಎಲ್ಲ ಕಳೆ ಸರ್ವನಾಶ. ಎಲ್ಲ ರೈತರಿಗೂ ತಲುಪಿಸಿ.’

ತಜ್ಞೆ: ದಯವಿಟ್ಟು ಯಾರಿಗೂ ತಲುಪಿಸಬೇಡಿ. ವಿನೆಗರ್ ಮೇಲಿನ ಎಲೆ ಸುಡುತ್ತದೆ, ಗಡ್ಡೆ ಬೇರಿನ ಕಳೆ ಮತ್ತೆ ಚಿಗುರುತ್ತದೆ. ಉಪ್ಪು ಮಣ್ಣಿನಲ್ಲೇ ಉಳಿದು ಬೆಳೆಯನ್ನೂ ಏಳಗೊಡುವುದಿಲ್ಲ. ಬೆಳೆ ನಿಂತ ಹೊಲದಲ್ಲಿ ಹೊಡೆದರೆ ಸರ್ವನಾಶ ಎಂಬ ಮಾತು ಮಾತ್ರ ನಿಜವಾಗುತ್ತದೆ.

ಹತ್ತಿ ಹೊಲ: ಹತ್ತಿಯ ಹೊಸ ಎಲೆಗಳು ಕಿರಿದಾಗಿ, ಬೆರಳಿನಂತೆ ಸೀಳಿಕೊಂಡು, ನರಗಳು ಒತ್ತೊತ್ತಾಗಿ ಬರುತ್ತಿವೆ. ವೈರಸ್ ರೋಗವೇ?

ತಜ್ಞೆ: ಹತ್ತಿಗೆ ಔಷಧಿ ಹೊಡೆದ ಪಂಪಿನಲ್ಲಿ ಹಿಂದೆ 2,4-ಡಿ ಕಳೆನಾಶಕ ಹೊಡೆದಿದ್ದಿರಾ? ಅಥವಾ ಪಕ್ಕದ ಹೊಲದಲ್ಲಿ ಯಾರಾದರೂ ಹೊಡೆದರೇ?

ಹತ್ತಿ ಹೊಲ: ಮೆಕ್ಕೆಜೋಳಕ್ಕೆ ಹೊಡೆದಿದ್ದೆವು. ಪಂಪ್ ನೀರಿನಲ್ಲಿ ತೊಳೆದಿದ್ದೇನೆ.

ತಜ್ಞೆ: ರೋಗವಲ್ಲ, 2,4-ಡಿ. ಪೈಪು, ಜಾಲರಿಯಲ್ಲಿ ಉಳಿದ ಚೂರೇ ಹತ್ತಿಗೆ ಸಾಕು. ಕಳೆನಾಶಕಕ್ಕೆ ಬೇರೆಯೇ ಪಂಪ್ ಇಡಿ.

ನೇರಬಿತ್ತನೆ: ನೋಡಿ ಬಂದೆ ಮೇಡಂ. ಪೊರೆ ಇಲ್ಲ, ನುಣ್ಣಗಿದೆ. ಹುಲ್ಲು ಗುಂಪುಗುಂಪಾಗಿದೆ, ಪಟ್ಟೆಯಲ್ಲ. ಸತ್ತ ಬುಡದ ಮಗ್ಗುಲಲ್ಲೇ ಅದೇ ಹುಲ್ಲು ಹಸಿರಾಗಿದೆ. ನೀರು ಬಸಿದೇ ಹೊಡೆದದ್ದು, ಆಗ ಮೂರು ನಾಲ್ಕು ಎಲೆ ಇತ್ತು.

ತಜ್ಞೆ: ಪೊರೆ ಇಲ್ಲದ್ದು ಎಕಿನೋಕ್ಲೋವ ಎಂಬ ಕಳೆಹುಲ್ಲು. ಲೆಪ್ಟೋಕ್ಲೋವ ಎಂಬ ಇನ್ನೊಂದು ಹುಲ್ಲಾಗಿದ್ದರೆ ಚಿಂತೆಯಿರಲಿಲ್ಲ. ಬಿಸ್ಪೈರಿಬ್ಯಾಕ್ ಅದಕ್ಕೆ ಮೊದಲಿನಿಂದಲೂ ಅಷ್ಟಾಗಿ ನಾಟುವುದಿಲ್ಲ. ಇದು ಹಾಗಲ್ಲ. ಮೊದಲು ಸಾಯುತ್ತಿದ್ದ ಹುಲ್ಲು, ಸರಿಯಾದ ಹಂತದಲ್ಲಿ, ಸರಿಯಾಗಿ ಹೊಡೆದರೂ ಗುಂಪಾಗಿ ಉಳಿದಿದೆ, ಸತ್ತದ್ದರ ಪಕ್ಕದಲ್ಲೇ ಬದುಕಿದೆ. ನಿರೋಧಕತೆಯ, ಅಂದರೆ ಕಳೆ ಔಷಧಿಗೆ ಸಾಯದ ಗುಣ ಪಡೆದಿದೆ ಎಂಬ, ಅನುಮಾನ ಗಟ್ಟಿಯಾಗುವುದು ಹೀಗೆಯೇ.

ನೀವು ಔಷಧಿ ಬದಲಿಸಿಯೇ ಇಲ್ಲ. ಬಿಸ್ಪೈರಿಬ್ಯಾಕ್, ಪೆನಾಕ್ಸುಲಂ ಎರಡೂ ಗಿಡದ ಎಎಲ್‌ಎಸ್ ಎಂಬ ಒಂದೇ ಕಿಣ್ವವನ್ನು ಕಟ್ಟಿಹಾಕುತ್ತವೆ. ಕಳೆನಾಶಕ ಗಿಡದ ಯಾವ ಜಾಗಕ್ಕೆ ಹೊಡೆಯುತ್ತದೆ ಎಂಬುದರ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಎರಡೂ ಗುಂಪು 2. ಪೈರಜೋಸಲ್ಫ್ಯೂರಾನ್, ಮೆಟ್‌ಸಲ್ಫ್ಯೂರಾನ್ ಕೂಡ ಅದೇ ಗುಂಪು. ಡಬ್ಬದ ಹೆಸರು ಬಿಡಿ, ಗುಂಪಿನ ಸಂಖ್ಯೆ ಕೇಳಿ. ಆ ಕಿಣ್ವದ ಆಕಾರವೇ ಬದಲಾದ ಗಿಡಕ್ಕೆ ಇಮ್ಮಡಿ ಪ್ರಮಾಣ ಲೆಕ್ಕಕ್ಕಿಲ್ಲ. ನೋಯುವುದು ನಿಮ್ಮ ಭತ್ತ. ಇನ್ನು ಕೆಲವು ಗಿಡ ಔಷಧಿಯನ್ನು ಒಡೆದು ಅರಗಿಸಿಕೊಳ್ಳುತ್ತವೆ. ನನಗೆ ಹೆಚ್ಚು ಭಯ ಅದರದ್ದು, ಏಕೆಂದರೆ ಎಂದೂ ಹೊಡೆಯದ ಔಷಧಿಯನ್ನೂ ಅವು ತಾಳಿಕೊಳ್ಳಬಲ್ಲವು.

ಖಚಿತಪಡಿಸಿಕೊಳ್ಳಲು ಸಾಯದೆ ಉಳಿದ ಹುಲ್ಲಿನಿಂದ ಒಂದೆರಡು ತೆನೆ ಮಾತ್ರ ಕಾಳುಕಟ್ಟಲು ಬಿಟ್ಟು, ಉದುರುವ ಮುನ್ನ ಚೀಲ ಕಟ್ಟಿ ಬೀಜ ತೆಗೆದುಕೊಳ್ಳಿ. ಎಂದೂ ಔಷಧಿ ಕಾಣದ ಜಾಗದಿಂದ ಅದೇ ಹುಲ್ಲಿನ ಬೀಜ ತನ್ನಿ. ಬೀಜಕ್ಕೆ ಸುಪ್ತಾವಸ್ಥೆ ಇರುತ್ತದೆ, ಕೆಲವು ತಿಂಗಳು ಒಣಗಿಸಿಟ್ಟು ಬೇರೆ ಬೇರೆ ಕುಂಡದಲ್ಲಿ ಬೆಳೆಸಿ. ಮೂರೆಲೆಯ ಹಂತದಲ್ಲಿ ಎರಡಕ್ಕೂ ಒಂದೇ ದಿನ ಡಬ್ಬದ ಚೀಟಿಯಲ್ಲಿ ಬರೆದ ಪ್ರಮಾಣ ಹೊಡೆದು ಮೂರು ವಾರ ನೋಡಿ. ಒಂದು ಸತ್ತು ಇನ್ನೊಂದು ಉಳಿದರೆ ಮಾತು ಮುಗಿಯಿತು.

ಎಲ್ಲ ಬಲ್ಲವರು: ಔಷಧಿಯಲ್ಲೇ ಕಲಬೆರಕೆ. ನಿರೋಧಕತೆ ಎಂಬುದೆಲ್ಲ ಹೊಸ ಡಬ್ಬ ಮಾರುವವರ ನೆಪ.

ತಜ್ಞೆ: ಕಲಬೆರಕೆಯಾಗಿದ್ದರೆ ಬೇರೆ ಕಳೆಗಳೂ ಉಳಿಯಬೇಕಿತ್ತು. ಇಲ್ಲಿ ಉಳಿದದ್ದು ಒಂದೇ ಜಾತಿ. ಟ್ರಯಜೀನ್ ಎಂಬ ಕಳೆನಾಶಕ ಗುಂಪಿಗೆ ಸಾಯದ ಕಳೆಯ ವರದಿ ಅಮೆರಿಕದಿಂದ ಬಂದದ್ದು 1970ರಲ್ಲಿ. 1990ರ ದಶಕದಲ್ಲಿ ಹರಿಯಾಣ, ಪಂಜಾಬಿನ ಗೋಧಿ ಹೊಲಗಳಲ್ಲಿ ಫಲಾರಿಸ್ ಹುಲ್ಲು ಐಸೊಪ್ರೊಟ್ಯೂರಾನ್ ಕಳೆನಾಶಕಕ್ಕೆ ಜಗ್ಗದೆ ರೈತರು ಕಣ್ಣೆದುರೇ ಬೆಳೆ ಕಳೆದುಕೊಂಡರು. ನೆಪವೆಂದು ಅವರ ಮುಂದೆ ಹೇಳಿ.

ಹಸಿರುದಾರಿ: ಇದಕ್ಕೇ ನಾವು ವಿಷವೇ ಬೇಡ ಎನ್ನುವುದು. ಕೈಯಿಂದ ಕಿತ್ತ ಕಳೆಗೆ ಯಾವ ನಿರೋಧಕತೆಯೂ ಬರುವುದಿಲ್ಲ.

ಮೆಕ್ಕೆಜೋಳ: ಕೀಳುವವರು ಯಾರು ಯಜಮಾನರೇ? ನೀವು ಬರುತ್ತೀರಾ?

ಹಸಿರುದಾರಿ: ನಮ್ಮ ಹೊಲ ನಾವು ಕಿತ್ತುಕೊಳ್ಳುತ್ತೇವೆ. ಮಣ್ಣು ಹಾಳುಮಾಡುವವರಿಗೆ ಕೂಲಿಯ ನೆವ ಯಾವಾಗಲೂ ಇರುತ್ತದೆ.

ಮೆಕ್ಕೆಜೋಳ: ಉಪದೇಶಕ್ಕೆ ಕೂಲಿ ಬೇಕಿಲ್ಲ, ಬಿಡಿ.

ತಜ್ಞೆ: ಇಬ್ಬರೂ ಸ್ವಲ್ಪ ನಿಲ್ಲಿಸಿ. ಕೈಯಿಂದ ಕಿತ್ತರೂ ಆಯ್ಕೆ ನಡೆಯುತ್ತದೆ. ಏಷ್ಯಾದ ಭತ್ತದ ಗದ್ದೆಗಳಲ್ಲಿ ಕಣ್ಣಿಗೆ ಬೇಗ ಬಿದ್ದ ಹುಲ್ಲನ್ನೆಲ್ಲ ಜನ ತಲೆತಲಾಂತರ ಕಿತ್ತರು. ಭತ್ತವನ್ನು ಹೋಲುವ ಎಕಿನೋಕ್ಲೋವ ಮಾತ್ರ ತಪ್ಪಿಸಿಕೊಂಡು ಬೀಜ ಉದುರಿಸಿತು. ನೇರಬಿತ್ತನೆಯವರು ಗುರುತಿಸಲು ಪೊರೆ ಹುಡುಕಬೇಕಾದದ್ದು ಅದಕ್ಕೇ. ಯಾವುದೇ ಒಂದೇ ದಾರಿ ಹಿಡಿದರೂ ಕಳೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ಸಾಯದೆ ಉಳಿದ ಹುಲ್ಲು ಕೀಳಲು ಕೈಗಿಂತ ಒಳ್ಳೆಯ ಆಯುಧವಿಲ್ಲ ಎಂಬುದರಲ್ಲಿ ಹಸಿರುದಾರಿಯವರ ಮಾತು ಸರಿ.

ಗರಿಕೆ ಕಾಟ: ಗರಿಕೆಗೆ ಯಾವ ಔಷಧಿ?

ತಜ್ಞೆ: ಮೇಲೆ ಓದಿ.

ಡ್ರೋನ್ ಆಸಕ್ತ: ಡ್ರೋನಿನಲ್ಲಿ ಕಳೆನಾಶಕ ಹೊಡೆದರೆ ಫಲಿತಾಂಶ ಹೇಗೆ ಮೇಡಂ?

ಎರಡೆಕರೆ: ಉಳಿತಾಯಕ್ಕೆ ಯಾವಾಗಲೂ ಅರ್ಧ ಪ್ರಮಾಣ ಹೊಡೆಯುತ್ತೇನೆ, ಮುಕ್ಕಾಲು ಕಳೆ ಹೋಗುತ್ತದೆ. ತಪ್ಪೇನು?

ತಜ್ಞೆ: ಉಳಿಯುವ ಕಾಲು ಭಾಗವೇ ತಪ್ಪು. ಸ್ವಲ್ಪ ತಾಳಿಕೊಳ್ಳುವ ಗಿಡಗಳು ಪೂರ್ತಿ ಪ್ರಮಾಣಕ್ಕೆ ಸಾಯುತ್ತಿದ್ದವು. ಅರ್ಧಕ್ಕೆ ಉಳಿದು ತಮ್ಮತಮ್ಮಲ್ಲೇ ಪರಾಗ ಕೂಡಿಸಿಕೊಂಡು ಇನ್ನಷ್ಟು ತಾಳಿಕೊಳ್ಳುವ ಮರಿ ಹಾಕುತ್ತವೆ. ಕಳೆಗೆ ಎರಡರಿಂದ ನಾಲ್ಕು ಎಲೆ ಇರುವಾಗ ಪೂರ್ತಿ ಪ್ರಮಾಣ ಹೊಡೆಯಿರಿ.

ಹಿತೈಷಿ: ಇನ್ನೊಂದು ಬಂದಿದೆ: ‘ಎಲ್ಲ ಕಳೆನಾಶಕ ಬೆರೆಸಿ ಒಮ್ಮೆಗೇ ಹೊಡೆದರೆ ನಿರೋಧಕತೆ ಬರುವುದೇ ಇಲ್ಲ.’

ತಜ್ಞೆ: ಹಿತೈಷಿಯವರೇ, ಸಾಕು. ಬೆರೆಸುವುದಕ್ಕೂ ಲೆಕ್ಕವಿದೆ: ಎರಡೂ ಬೇರೆ ಗುಂಪಿನವಾಗಿರಬೇಕು, ಎರಡೂ ಅದೇ ಕಳೆಯನ್ನು ಕೊಲ್ಲುವಂತಿರಬೇಕು, ಎರಡೂ ಪೂರ್ತಿ ಪ್ರಮಾಣದಲ್ಲಿರಬೇಕು. ಹುಲ್ಲು ಕೊಲ್ಲುವ ಸೈಹಲೋಫಾಪ್‌ಗೆ 2,4-ಡಿ ಬೆರೆಸಿದರೆ ಹುಲ್ಲು ಸಾಯುವುದೇ ಕಡಿಮೆಯಾಗುತ್ತದೆ. ಚೀಟಿಯಲ್ಲಿ ಇಲ್ಲದ್ದನ್ನು ಕಲಸಬೇಡಿ.

ಎಲ್ಲ ಬಲ್ಲವರು: ಪ್ರಶ್ನೆ ಕೇಳಿದರೆ ಬೈಗುಳ. ಹೀಗಾದರೆ ಯಾರು ಕೇಳುತ್ತಾರೆ?

ಮೆಕ್ಕೆಜೋಳ: ನೀವು ಕೇಳಿದ್ದು ಯಾವಾಗ? ಬಂದಾಗಿನಿಂದ ತೀರ್ಪು ಕೊಡುತ್ತಿದ್ದೀರಿ.

ನೇರಬಿತ್ತನೆ: ಮೇಡಂ, ನನ್ನದು ಉಳಿಯಿತು. ಈಗ ಸೈಹಲೋಫಾಪ್ ಹೊಡೆಯಲೇ? ಮುಂದಿನ ಹಂಗಾಮಿಗೆ?

ತಜ್ಞೆ: ಅದು ಗುಂಪು 1, ಬೇರೆ ಜಾಗಕ್ಕೆ ಹೊಡೆಯುತ್ತದೆ ನಿಜ. ಆದರೆ ನಿಮ್ಮ ಹುಲ್ಲು ತೆಂಡೆ ಒಡೆದಾಗಿದೆ, ಹೊತ್ತು ಮೀರಿದೆ. ಕುಂಡದ ಪರೀಕ್ಷೆಗೆ ಬಿಟ್ಟ ತೆನೆ ಹೊರತು ಎಲ್ಲವನ್ನೂ ಕಾಳುಕಟ್ಟುವ ಮುನ್ನ ಕಿತ್ತು ಗದ್ದೆಯ ಹೊರಗೆ ಹಾಕಿ. ಬದುವಿನ ಮೇಲೆ ಬಿಡಬೇಡಿ. ಮುಂದಿನ ಸಲ ಬಿತ್ತುವ ಮುನ್ನವೇ ನೀರು ಕೊಟ್ಟು ಕಳೆ ಮೊಳೆಯಿಸಿ, ಕುಂಟೆ ಹೊಡೆದು ಕೊಂದು, ಆಮೇಲೆ ಬಿತ್ತಿ. ಬಿತ್ತಿದ ಮೇಲೆ ಮೊಳಕೆ ಏಳುವ ಮುನ್ನ, ತೇವವಿರುವಾಗ, ಗುಂಪು 3ರ ಪೆಂಡಿಮೆಥಾಲಿನ್ ಹೊಡೆಯಿರಿ. ಗುಂಪು 2 ಈ ಗದ್ದೆಯಲ್ಲಿ ಸದ್ಯ ಬೇಡ. ಸಾಧ್ಯವಿದ್ದರೆ ಒಂದು ಹಂಗಾಮು ದ್ವಿದಳ ಬೆಳೆಯಿರಿ, ಇಲ್ಲವೇ ಕೆಸರು ಮಾಡಿ ನಾಟಿಗೆ ಮರಳಿ. ನಿಂತ ನೀರಿನಲ್ಲಿ ಈ ಹುಲ್ಲು ಅಷ್ಟು ಸುಲಭವಾಗಿ ಮೊಳೆಯುವುದಿಲ್ಲ. ಕಟಾವು ಯಂತ್ರವನ್ನು ಈ ಗದ್ದೆಗೆ ಕೊನೆಯಲ್ಲಿ ಇಳಿಸಿ, ಹೊರಡುವ ಮುನ್ನ ಜರಡಿ ಬಿಚ್ಚಿ ಗುಡಿಸಲು ಹೇಳಿ. ಇಲ್ಲದಿದ್ದರೆ ಈ ಬೀಜ ಪಕ್ಕದ ಗದ್ದೆಗೂ ಹೋಗುತ್ತದೆ.

ಗರಿಕೆ ಕಾಟ: ಮೇಲೆ ಎಂದರೆ ಎಲ್ಲಿ ಮೇಡಂ?