ಸಹಾಯ ಬೇಕು: ರೀಫ್ ಟ್ಯಾಂಕ್ ಸೋರುತ್ತಿದೆ, ಕೋರಲ್‌ಗಳನ್ನು ಎಲ್ಲಿಡಲಿ?

ನಮಸ್ಕಾರ. ನಮ್ಮದು ಮಂಗಳೂರು, ಕದ್ರಿ ಹತ್ತಿರ. ಕೋರಲ್ (ಹವಳ) ಸಾಕುವ ನನ್ನ 200 ಲೀಟರ್ ಉಪ್ಪುನೀರಿನ ಟ್ಯಾಂಕ್‌ನ ಹಿಂದಿನ ಮೂಲೆಯಲ್ಲಿ ನೀರು ಜಿನುಗುತ್ತಿದೆ. ಗಾಜಿನ ಅಂಚಲ್ಲಿ ಬೆರಳಾಡಿಸಿದರೆ ಉಪ್ಪು ಪುಡಿಪುಡಿಯಾಗಿ ಉದುರುತ್ತದೆ. ಪೂರ್ತಿ ಖಾಲಿ ಮಾಡಿ ಸಿಲಿಕೋನ್ ಅಂಟು ಹಾಕಲೇಬೇಕು. ಒಣಗಲು ಮೂರ್ನಾಲ್ಕು ದಿನವಾದರೂ ಬೇಕಲ್ವಾ?

ಒಳಗೆ ಜೋಆಂತಿಡ್, ಮಶ್ರೂಮ್ ಎಂಬ ಬಗೆಯ ಕೋರಲ್‌ಗಳು, ಒಂದು ಲೆದರ್ ಕೋರಲ್ ಇವೆ. ಆ ಲೆದರ್ ತಂದಾಗ ಹೆಬ್ಬೆರಳಿನಷ್ಟಿತ್ತು, ಈಗ ಅಂಗೈ ಅಗಲ. ಅದನ್ನು ಕಳೆದುಕೊಳ್ಳಲು ಮನಸ್ಸಿಲ್ಲ.

ಅಲ್ಲಿಯವರೆಗೆ ಕೋರಲ್‌ಗಳನ್ನು ಟಬ್‌ನಲ್ಲಿಡಬೇಕು. ಅದಕ್ಕೆ ಪಣಂಬೂರು ಬೀಚಿನಿಂದ ಸಮುದ್ರದ ನೀರು ತಾ ಅಂದರು ಒಬ್ಬರು. ಈ ಮಳೆಗೆ ಹೊಳೆ ನೀರು ಸೇರಿ ಉಪ್ಪು ಕಡಿಮೆಯಾಗಿರುತ್ತದೆ, ಕೆಸರೂ ಜಾಸ್ತಿ. ಬೇಡ. ಆರ್‌ಓ ನೀರಿಗೆ ರೀಫ್ ಟ್ಯಾಂಕ್‌ಗೆಂದೇ ಸಿಗುವ ಉಪ್ಪು ಬೆರೆಸಿ ಸಾಪೇಕ್ಷ ಸಾಂದ್ರತೆಯನ್ನು 1.025ಕ್ಕೆ ತರುತ್ತೇನೆ, 26 ಡಿಗ್ರಿ ಇಡುತ್ತೇನೆ. ಟ್ಯಾಂಕ್ ತಳದ ಹಳೇ ಮರಳನ್ನು ಕೋರಲ್ ಇರುವ ನೀರಲ್ಲಿ ಕದಡುವುದಿಲ್ಲ.

ನನ್ನ ಭಯ ಕರೆಂಟಿನದ್ದು. ಮಳೆ ಜೋರಾದರೆ ಗಂಟೆಗಟ್ಟಲೆ ಹೋಗುತ್ತದೆ. ಪಂಪ್ ನಿಂತರೆ ಟಬ್‌ನಲ್ಲಿ ಆಕ್ಸಿಜನ್ ಬೇಗ ಇಳಿಯುತ್ತದೆ. ಯಾರ ಹತ್ತಿರವಾದರೂ ಬ್ಯಾಟರಿ ಏರ್ ಪಂಪ್, 80 ಲೀಟರ್ ಟಬ್ ಇದ್ದರೆ ಒಂದು ವಾರಕ್ಕೆ ಕೊಡುತ್ತೀರಾ? ಭಾನುವಾರ ಟ್ಯಾಂಕ್‌ನೊಳಗಿನ ಕಲ್ಲು ಎತ್ತಲು ಒಬ್ಬರು ಬಂದರೂ ದೊಡ್ಡ ಉಪಕಾರ. ಗ್ಲೌಸ್, ಕನ್ನಡಕ ನಾನೇ ಕೊಡುತ್ತೇನೆ. ಜೋಆಂತಿಡ್‌ಗಳಲ್ಲಿ ಪಾಲಿಟಾಕ್ಸಿನ್ ಎಂಬ ವಿಷ ಇರಬಹುದು, ಬರಿಗೈಯಲ್ಲಿ ಮುಟ್ಟಬಾರದು.

ಲೆದರ್ ಅನ್ನು ಕಲ್ಲಿನ ಸಮೇತ ಎತ್ತಲೋ, ಬಿಡಿಸಲೋ? ಮಾಡಿ ನೋಡಿದವರು ದಯವಿಟ್ಟು ಹೇಳಿ.