ಬಾಡಿಗೆ ಮೋಟರ್‌ಹೋಮ್‌ನಲ್ಲಿ ಗ್ರ್ಯಾಂಡ್ ಕ್ಯಾನ್ಯನ್: ಪೆಟ್ರೋಲ್ ಖರ್ಚು, ಬಂಕ್‌ನಲ್ಲಿ ಫ್ರಿಜ್ ಆಫ್ ಮಾಡಲೇಬೇಕಾ?

ಸ್ಯಾನ್‌ಹೋಸೆ_ಮೈಸೂರು:
ಎಲ್ಲರಿಗೂ ನಮಸ್ಕಾರ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಸ್ಯಾನ್ ಹೋಸೆಯಿಂದ ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್‌ಗೆ 28 ಅಡಿ ಮೋಟರ್‌ಹೋಮ್ (ಅಡುಗೆ, ಮಲಗುವ ಜಾಗ ಎಲ್ಲ ಇರುವ ಗಾಡಿ) ಬಾಡಿಗೆಗೆ ತೆಗೆದುಕೊಂಡಿದ್ದೇವೆ. ಫೋರ್ಡ್ ಇ-450, ಪೆಟ್ರೋಲ್ ಗಾಡಿ. 55 ಗ್ಯಾಲನ್ ಟ್ಯಾಂಕ್ ಅಂತೆ, ಕೇಳಿಯೇ ಎದೆ ಧಸಕ್ ಅಂದಿತು. ಉಳಿಸುವ ದಾರಿ ಏನಾದರೂ ಇದೆಯಾ? ಇನ್ನೊಂದು, ಬಂಕ್‌ನಲ್ಲಿ ಫ್ರಿಜ್ ಆಫ್ ಮಾಡಿ ಎಂದು ಬಾಡಿಗೆಯವರು ಹೇಳಿದರು. ಅಮ್ಮ ಡಬ್ಬಿಗಟ್ಟಲೆ ದೋಸೆ ಹಿಟ್ಟು ರೆಡಿ ಮಾಡುತ್ತಿದ್ದಾರೆ. ಹುಳಿ ಬಂದುಬಿಡುತ್ತೆ ಅಂತ ಅವರ ಚಿಂತೆ.

ಮೊಹಾವಿ_ದಾರಿಹೋಕ:
ಹಿಟ್ಟಿಗೆ ಏನೂ ಆಗುವುದಿಲ್ಲ ಎಂದು ಅಮ್ಮನಿಗೆ ಹೇಳಿ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಗಂಟೆಗಟ್ಟಲೆ ತಣ್ಣಗಿರುತ್ತದೆ.

ಆದರೆ ಆಫ್ ಮಾಡಲೇಬೇಕು. ಇಂಥ ಗಾಡಿಗಳ ಫ್ರಿಜ್ ಬಹುತೇಕ ಪ್ರೊಪೇನ್ ಗ್ಯಾಸ್‌ನ ಉರಿಯ ಮೇಲೆ ನಡೆಯುತ್ತದೆ. ಒಳಗೆ ನಿಜವಾದ ಬೆಂಕಿ! 'ಆಟೋ'ದಲ್ಲಿ ಇಟ್ಟಿದ್ದರೆ, ಕರೆಂಟ್ ಸಿಗದಾಗ ತಾನೇ ಕಿಡಿ ಹಾರಿಸಿ ಹೊತ್ತಿಕೊಳ್ಳುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ. ನೀರು ಕಾಯಿಸುವ ಹೀಟರ್, ಗಾಡಿಯ ಒಳಗೆ ಬೆಚ್ಚಗಿಡುವ ಫರ್ನೇಸ್ ಕೂಡ ಹಾಗೇ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಡುತ್ತದೆ. ಈ ಉರಿಗಳ ಕಿಂಡಿಗಳೂ ಗಾಡಿಯ ಮಗ್ಗುಲಲ್ಲೇ ಇರುತ್ತವೆ. ಪಂಪ್ ಪಕ್ಕ ನಿಲ್ಲಿಸಿದ ಮೇಲೆ ಆಫ್ ಮಾಡಿ ಏನು ಬಂತು? ಬಂಕ್‌ಗೆ ತಿರುಗುವ ಮುಂಚೆಯೇ ಎಲ್ಲಾದರೂ ಸುರಕ್ಷಿತವಾಗಿ ಪಕ್ಕಕ್ಕೆ ಹಾಕಿ, ಮೂರನ್ನೂ ಆಫ್ ಮಾಡಿ. ಜನರೇಟರ್ ನಿಲ್ಲಿಸಿ, ಪ್ರೊಪೇನ್ ಟ್ಯಾಂಕಿನ ವಾಲ್ವ್ ಮುಚ್ಚಿ. ನಾನಂತೂ ದಾರಿಯುದ್ದಕ್ಕೂ ವಾಲ್ವ್ ಮುಚ್ಚಿಯೇ ಓಡಿಸುತ್ತೇನೆ. ನಮ್ಮ ಮನೆಯವರು ಗೊಣಗುತ್ತಾರೆ, ಗೊಣಗಲಿ.

ಖರ್ಚಿಗೆ ಬಂದರೆ, ಗ್ಯಾಲನ್‌ಗೆ 8ರಿಂದ 10 ಮೈಲಿ ಅಷ್ಟೇ. ಹೋಗಿ ಬರಲು ಸುಮಾರು 1500 ಮೈಲಿ, ಅಂದರೆ 150ರಿಂದ 190 ಗ್ಯಾಲನ್. ನಿಧಾನ ಹೋಗುವುದಕ್ಕಿಂತ ದೊಡ್ಡ ಉಳಿತಾಯ ಇಲ್ಲ. ಗೋಡೆಯನ್ನೇ ತಳ್ಳಿಕೊಂಡು ಹೋದ ಹಾಗಿರುತ್ತದೆ ಈ ಗಾಡಿ. ಗಂಟೆಗೆ 60 ಮೈಲಿಯ ಬದಲು 70ರಲ್ಲಿ ಹೋದರೆ ಗಾಳಿಯ ತಡೆ ಮೂರನೇ ಒಂದು ಪಾಲಿಗಿಂತ ಜಾಸ್ತಿ. ದಾರಿಯಲ್ಲಿ ಸಿಗುವ ಟೆಹಾಚಪಿ ಬೆಟ್ಟದ ಏರಿನಲ್ಲಿ ಸ್ಪೀಡ್ ಬಿಡಬಾರದು ಅಂತ ಆಕ್ಸಿಲರೇಟರ್ ಒತ್ತಬೇಡಿ. ಬಲಗಡೆ ಲೇನ್ ಹಿಡಿದು ಲಾರಿಗಳ ಜೊತೆ ಹತ್ತಿ. ಇಳಿಜಾರಿನಲ್ಲಿ ಟೋ-ಹಾಲ್ ಬಟನ್ ಒತ್ತಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ. ನೀರಿನ ಟ್ಯಾಂಕ್ ಮನೆಯಿಂದಲೇ ತುಂಬಿಸಿಕೊಂಡು ಹೊರಡಬೇಡಿ. 40 ಗ್ಯಾಲನ್ ಅಂದರೆ 150 ಕೆಜಿ, ಸುಮ್ನೆ ಯಾಕೆ ಹೊರುವುದು?

ಕ್ಯಾಲಿಫೋರ್ನಿಯಾ ಗಡಿಯ ನೀಡಲ್ಸ್ ಊರಿನಲ್ಲಿ ಮಾತ್ರ ಪೆಟ್ರೋಲ್ ಹಾಕಿಸಬೇಡಿ, ರೇಟ್ ವಿಪರೀತ. ಬಾರ್‌ಸ್ಟೋದಿಂದ ಕಿಂಗ್‌ಮನ್‌ಗೆ 200 ಮೈಲಿ ಚಿಲ್ಲರೆ. ಎದುರುಗಾಳಿ ಸಿಕ್ಕರೂ ಸಿಗಬಹುದು, ಅರ್ಧ ಟ್ಯಾಂಕ್‌ಗಿಂತ ಮೇಲಿಟ್ಟುಕೊಂಡು ಹೊರಡಿ. ಅರಿಜೋನಾ ಮುಟ್ಟಿದ ಮೇಲೆ ಕಿಂಗ್‌ಮನ್‌ನಲ್ಲಿ ಫುಲ್ ಮಾಡಿ. ಗ್ರ್ಯಾಂಡ್ ಕ್ಯಾನ್ಯನ್ ವಿಲೇಜ್‌ನಲ್ಲಿ ಪಂಪ್ ಇಲ್ಲ. ಹೊರಗೆ ಟುಸಾಯನ್‌ನಲ್ಲಿದೆ.

ಫೀನಿಕ್ಸ್_ಗೌಡ್ರು:
ದಾರಿಹೋಕರು ಹೇಳಿದ್ದು ಸರಿ. ವಾಲ್ವ್ ಮುಚ್ಚಿ ಓಡಿಸುವುದು ಮಾತ್ರ ಅವರವರ ಇಷ್ಟ, ನಾನು ಬಂಕ್‌ಗೆ ಮುಂಚೆ ಮುಚ್ಚುತ್ತೇನೆ. ಜನರೇಟರ್ ಕುಡಿಯುವುದೂ ಗಾಡಿಯ ಟ್ಯಾಂಕಿನಿಂದಲೇ. ಕಾಲು ಟ್ಯಾಂಕ್ ಹತ್ತಿರ ಬಂದಾಗ ಅದು ತಾನೇ ನಿಂತುಹೋಗುತ್ತದೆ. ನೀವು ದಾರಿಯಲ್ಲಿ ಸಿಕ್ಕಿಕೊಳ್ಳಬಾರದು ಅಂತ ಹಾಗೆ ಮಾಡಿರುತ್ತಾರೆ. ಕೆಟ್ಟಿತು ಅಂತ ಬಾಡಿಗೆಯವರಿಗೆ ಫೋನ್ ಮಾಡಬೇಡಿ.

ಬಂಕ್‌ನಲ್ಲಿ ಅಂಚಿನ ಪಂಪ್ ಹಿಡಿಯಿರಿ. ಹೊರಡುವಾಗ ಗಾಡಿಯ ಬಾಲ ಪೂರ್ತಿ ಕಂಬ ದಾಟುವ ತನಕ ನೇರ ಹೋಗಿ, ಆಮೇಲೆ ತಿರುಗಿಸಿ. ನೀವು ಬಲಕ್ಕೆ ತಿರುಗಿಸಿದರೆ ಗಾಡಿಯ ಬಾಲ ಎಡಕ್ಕೆ ಬೀಸುತ್ತದೆ. ಚಾವಣಿಯ ಎತ್ತರದ ಬೋರ್ಡನ್ನೂ ನೋಡಿ, ಮೇಲೆ ಎಸಿ ಇದೆ ಅಲ್ವಾ. ನಳಿಕೆಯ ಬಣ್ಣ ನಂಬಬೇಡಿ. ಹಸಿರು ಹಿಡಿ ಹೆಚ್ಚಿನ ಕಡೆ ಡೀಸೆಲ್, ಕೆಲವು ಕಡೆ ಪೆಟ್ರೋಲ್. ಬರೆದಿರುವುದನ್ನು ಓದಿ.

ಸ್ಯಾನ್‌ಹೋಸೆ_ಮೈಸೂರು:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಟ್ಯಾಂಕ್ ತುಂಬುವ ಮುಂಚೆಯೇ ಪಂಪ್ ನಿಂತುಬಿಡುತ್ತದೆ ಎಂದು ಗೆಳೆಯ ಹೇಳಿದ. ಹೌದಾ?

ಫೀನಿಕ್ಸ್_ಗೌಡ್ರು:
ಹೌದು, ಕಾರ್ಡಿಗೆ ಮಿತಿ ಇಟ್ಟಿರುತ್ತಾರೆ. ಮತ್ತೆ ಕಾರ್ಡ್ ಹಾಕಿ ಮುಂದುವರಿಸಿ, ಇಲ್ಲವಾದರೆ ಒಳಗೆ ಹೋಗಿ ಕ್ಯಾಶಿಯರ್ ಹತ್ತಿರ ಮೊದಲೇ ಕಟ್ಟಿ.